ಕರಿ ಕೋಟು ಹೊಲಿಸುವ ಮುಂಚೆ: ಕಲಬುರಗಿ ಕಡೆಯವರಿಗೆ ಕಾನೂನು ಕೆಲಸಗಳ ಹೋಲಿಕೆ

ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿಲ್ಲ. ಶಹಾಪುರದ ನೆಂಟರು, ಚಿತ್ತಾಪುರದ ಕಕ್ಷಿದಾರರು, ಒಮ್ಮೊಮ್ಮೆ ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯವರೂ ಕೇಳುತ್ತಾರೆ. "ಮೇಡಂ, ಮಗಳಿಗೆ ಎಲ್‌ಎಲ್‌ಬಿ ಹಚ್ಚಬೇಕಾ ಬ್ಯಾಡಾ?" ನಾನು ತಿರುಗಿ ಕೇಳುತ್ತೇನೆ: "ಓದಿದ ಮೇಲೆ ಏನು ಮಾಡ್ತಾಳೆ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಏನು ಮಾಡ್ತಾಳ ಅಂದ್ರ? ವಕೀಲಕಿ."

ಅಲ್ಲೇ ಇರೋದು ಗೊಂದಲ. ಒಂದೇ ಡಿಗ್ರಿಯಿಂದ ಕಡಿಮೆ ಅಂದರೂ ಐದಾರು ಬೇರೆ ಬೇರೆ ಕೆಲಸ ಹುಟ್ಟುತ್ತವೆ. ಒಂದರಲ್ಲಿ ಹಾಯಾಗಿರುವವರು ಇನ್ನೊಂದರಲ್ಲಿ ಒಂದು ವರ್ಷ ತಡೆಯುವುದಿಲ್ಲ. ನಾನು ಯಾದಗಿರಿ ಕೋರ್ಟಿನಲ್ಲಿ ನಾಲ್ಕು ವರ್ಷ ಜೂನಿಯರ್ ಆಗಿದ್ದೆ. ಆಮೇಲೆ ಹೈದರಾಬಾದಿನಲ್ಲಿ ಮೂರು ವರ್ಷ ಕಂಪನಿ ನೌಕರಿ. 2018ರಿಂದ ಕಲಬುರಗಿಯಲ್ಲಿದ್ದೇನೆ. ಬೆಳಿಗ್ಗೆ ಜಿಲ್ಲಾ ಕೋರ್ಟು, ಕೆಲವು ದಿನ ಹೈಕೋರ್ಟ್ ಪೀಠ. ಉಳಿದ ಕೆಲಸಗಳನ್ನು ಗೆಳೆಯ ಗೆಳತಿಯರು ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಈ ಹೋಲಿಕೆಯಲ್ಲಿ ಎಲ್ಲಕ್ಕೂ ಸಮ ತೂಕ ಸಿಗುವುದಿಲ್ಲ. ನನಗೆ ಗೊತ್ತಿರುವ ಕಡೆ ಮಾತು ಜಾಸ್ತಿ.

ಮೊದಲು ಮನೆಯ ಲೆಕ್ಕ

ತೃಪ್ತಿಯ ಮಾತು ಆಮೇಲೆ ಆಡೋಣ. ಮೊದಲು ಇದನ್ನು ಮನೆಯವರ ಜೊತೆ ಕೂತು ಕೇಳಿಕೊಳ್ಳಿ: ಓದು ಮುಗಿದ ಮೇಲೆ ಮೂರು ವರ್ಷ ಮನೆಗೆ ಒಂದು ರೂಪಾಯಿ ಕೊಡದಿದ್ದರೆ ನಡೆಯುತ್ತದಾ?

ನಮ್ಮ ಕಡೆಯ ಕಾಲೇಜುಗಳಲ್ಲಿ ಓದಿಗೇ ದೊಡ್ಡ ಖರ್ಚಿಲ್ಲ. ಪಿಯುಸಿ ಆದ ಮೇಲೆ ಐದು ವರ್ಷದ ಕೋರ್ಸು, ಡಿಗ್ರಿ ಆದ ಮೇಲೆ ಮೂರು ವರ್ಷದ್ದು. ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾಲೇಜಿನಂಥವು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಬೇಕಿದ್ದರೆ ಕ್ಲ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಪೂರ್ತಿ ಇಂಗ್ಲಿಷಿನಲ್ಲಿ. ಅಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 25 ಸೀಟು ಮೀಸಲಿದೆ. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ.

ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ಪಡೆಯುವುದೂ ಈಗ ಅಗ್ಗ. ವಕೀಲರ ಕಾಯ್ದೆ 1961ರ ಪ್ರಕಾರ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಮುಂಚೆ ಬಾರ್ ಕೌನ್ಸಿಲ್‌ಗಳು ಆ ಹೆಸರು ಈ ಹೆಸರು ಹೇಳಿ ಹತ್ತಾರು ಸಾವಿರ ವಸೂಲಿ ಮಾಡುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ. ನೂರು ಪ್ರಶ್ನೆ, ತಪ್ಪು ಬರೆದರೆ ಅಂಕ ಕಡಿತವಿಲ್ಲ, ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಳಗೆ ಒಯ್ಯಬಹುದು. ಓದಿದವರಿಗೆ ಹೆದರಿಕೆಯ ಪರೀಕ್ಷೆಯೇನಲ್ಲ.

ಕಷ್ಟ ಶುರುವಾಗುವುದು ಅದಾದ ಮೇಲೆ. ನನ್ನ ಸೀನಿಯರ್ ನನಗೆ ಮೊದಲ ಏಳು ತಿಂಗಳು ಏನೂ ಕೊಡಲಿಲ್ಲ. ಎಂಟನೇ ತಿಂಗಳು ಎರಡು ಸಾವಿರ ಕೊಟ್ಟರು. ಅದೂ ದೀಪಾವಳಿ ಬಂತು ಅಂತ. ಅವರು ಕೆಟ್ಟವರಲ್ಲ, ಅವರ ಸೀನಿಯರ್ ಅವರಿಗೆ ಅಷ್ಟೂ ಕೊಟ್ಟಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ಸುತ್ತೋಲೆ ಹೊರಡಿಸಿತು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಅಂತ. ಅದು ಸಲಹೆ ಮಾತ್ರ, ಕಡ್ಡಾಯವಿಲ್ಲ. ನಮ್ಮ ಬಾರ್ ರೂಮಿನಲ್ಲಿ ಅದನ್ನು ಓದಿ ಹೇಳಿದಾಗ ಹಿರಿಯರೂ ಕಿರಿಯರೂ ಒಟ್ಟಿಗೇ ನಕ್ಕರು. ಪರಿಶಿಷ್ಟ ಜಾತಿಯ ಹೊಸ ವಕೀಲರಿಗೆ ಸಮಾಜ ಕಲ್ಯಾಣ ಇಲಾಖೆಯ ತರಬೇತಿ ಭತ್ಯೆ ಇದೆ. ಜಿಲ್ಲಾ ಕಚೇರಿಗೆ ಹೋಗಿ ಕೇಳಿ, ಕೇಳದೆ ಯಾರೂ ಹೇಳುವುದಿಲ್ಲ.

ನಮ್ಮಪ್ಪನಿಗೆ ಆರು ಎಕರೆ ಎರಿ ಹೊಲ ಇತ್ತು. ತೊಗರಿ, ಹತ್ತಿ. ಆ ಹೊಲ ನನ್ನನ್ನು ಮೂರು ವರ್ಷ ಸಾಕಿತು. ಹೊಲ ಇಲ್ಲದ ನನ್ನ ಸಹಪಾಠಿಗಳಲ್ಲಿ ನನಗಿಂತ ಚುರುಕಾಗಿದ್ದ ಇಬ್ಬರು ಎರಡನೇ ವರ್ಷವೇ ಕರಿ ಕೋಟು ಮಡಚಿಟ್ಟರು. ಒಬ್ಬರು ಈಗ ಶಾಲಾ ಶಿಕ್ಷಕರು. ಅವರಿಗೆ ಕಾನೂನು ಇಷ್ಟವಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಜಿಲ್ಲಾ ಕೋರ್ಟು, ತಾಲೂಕು ಕೋರ್ಟು

ನಮ್ಮ ಕಡೆ ಎಲ್‌ಎಲ್‌ಬಿ ಮಾಡಿದವರಲ್ಲಿ ಹೆಚ್ಚಿನವರು ಬರುವುದು ಇಲ್ಲಿಗೇ.

ಇಲ್ಲಿಯ ದೊಡ್ಡ ಅನುಕೂಲ ಭಾಷೆ. ವಾದಪತ್ರ ಕನ್ನಡದಲ್ಲಿ, ಸಾಕ್ಷಿ ಹೇಳಿಕೆ ಕನ್ನಡದಲ್ಲಿ, ಪಾಟೀ ಸವಾಲು ಕನ್ನಡದಲ್ಲಿ. ಅದೂ ನಮ್ಮ ಕನ್ನಡದಲ್ಲಿ. ಬದುವಿನ ಜಗಳದ ಕೇಸಿನಲ್ಲಿ ಒಬ್ಬ ಮುದುಕ ಸಾಕ್ಷಿ ಕಟಕಟೆಯಲ್ಲಿ ನಿಂತು, "ಆ ಬಾರಿ ಕಣಕಿ ಬಣವಿ ಅವರ ಕಡಿಗೇ ಇತ್ರಿ" ಅಂದ. ಜೋಳದ ದಂಟನ್ನು ಯಾರು ತಮ್ಮ ಜಾಗದಲ್ಲಿ ಬಣವೆ ಒಟ್ಟಿದ್ದರೋ ಆ ಜಾಗ ಅವರ ಸ್ವಾಧೀನದಲ್ಲಿತ್ತು ಅಂತ ಅರ್ಥ. ಆ ಒಂದು ಮಾತಿನ ಮೇಲೆ ನನ್ನ ಸೀನಿಯರ್ ಮುಂದಿನ ಅರ್ಧ ಗಂಟೆ ಪಾಟೀ ಸವಾಲು ಕಟ್ಟಿದರು. ಕನ್ನಡ ಮೀಡಿಯಂನಲ್ಲಿ ಓದಿ ಇಂಗ್ಲಿಷಿಗೆ ಅಂಜುವ ಹುಡುಗ ಇಲ್ಲಿ ರಾಜನ ಹಾಗೆ ನಿಲ್ಲಬಹುದು.

ಎರಡನೆಯದು ಉರ್ದು. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹಳೆಯ ಹೊಲದ ಕಾಗದ, ಇನಾಮಿನ ಸನದು, ಕೋರ್ಟಿನ ತೀರ್ಪು ಎಲ್ಲ ಉರ್ದುವಿನಲ್ಲಿ. ನಾವು ಇವತ್ತಿಗೂ ಪೇಶಿ (ವಿಚಾರಣೆಯ ದಿನ), ವಕಾಲತ್ತು, ತಾರೀಖು ಅಂತೀವಲ್ವಾ, ಆ ಕಾಲದ ಉಳಿಕೆ ಅದು. ಸಂರಕ್ಷಿತ ಗೇಣಿದಾರನ ವಿಷಯ ಬಂದರೆ 1950ರ ಹೈದರಾಬಾದ್ ಗೇಣಿ ಕಾಯ್ದೆಯವರೆಗೆ ಹಿಂದಕ್ಕೆ ಹೋಗಬೇಕಾಗುತ್ತದೆ. ಉರ್ದು ಓದಬಲ್ಲ ಹಿರಿಯ ವಕೀಲರು ಈಗ ಕಡಿಮೆ. ಬೀದರ್ ಕಡೆಯ ಹುಡುಗರಿಗೆ ನಾನು ಹೇಳುವುದು ಒಂದೇ: ಸಂಜೆ ಆರು ತಿಂಗಳು ಉರ್ದು ಲಿಪಿ ಕಲಿಯಿರಿ. ಮೂವತ್ತು ವರ್ಷ ಅನ್ನ ಹಾಕುತ್ತದೆ.

ಕೇಸುಗಳು ಎಂಥವು? ಪಾಲು ಕೇಸು ಇದ್ದೇ ಇದೆ. ತೊಗರಿ ವ್ಯಾಪಾರಿಗಳ ಮತ್ತು ದಾಲ್ ಮಿಲ್‌ಗಳ ನಡುವಿನ ಚೆಕ್ ಬೌನ್ಸ್ ಕೇಸು. ಮೋಟಾರು ಅಪಘಾತದ ಪರಿಹಾರ. ಯಾದಗಿರಿ ಕಡೆ ಕೃಷ್ಣಾ ಮೇಲ್ದಂಡೆ ಯೋಜನೆಗೆ, ಬೀದರ್ ಕಡೆ ಕಾರಂಜಾ ಜಲಾಶಯಕ್ಕೆ ಹೊಲ ಕೊಟ್ಟವರ ಪರಿಹಾರ ಹೆಚ್ಚಳದ ಅರ್ಜಿಗಳು. ಇವೆಲ್ಲದರ ಜೊತೆಗೆ ತಹಸೀಲ್ದಾರ್ ಮತ್ತು ಸಹಾಯಕ ಆಯುಕ್ತರ ಮುಂದಿನ ಕೇಸು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾದರೆ ಅದನ್ನು ವಾಪಸ್ ಕೊಡಿಸುವ 1978ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿಯ ಅಡ್ಡಿ ತೆಗೆದರು. ಅದಾದ ಮೇಲೆ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಕೀಲರ ಓಡಾಟ ಜಾಸ್ತಿಯಾಗಿದೆ. ಏಪ್ರಿಲ್, ಮೇ ಬಂದರೆ ಆ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬಿಸಿಲಿಗೆ ಕರಿ ಕೋಟು ಕಡ್ಡಾಯವಿಲ್ಲ. ಬಾರ್ ಕೌನ್ಸಿಲ್ ನಿಯಮವೇ ಹಾಗಿದೆ: ಹೈಕೋರ್ಟ್, ಸುಪ್ರೀಂ ಕೋರ್ಟ್ ಬಿಟ್ಟು ಬೇರೆ ಕೋರ್ಟುಗಳಲ್ಲಿ ಬೇಸಿಗೆಯಲ್ಲಿ ಕೋಟು ಬೇಕಿಲ್ಲ. ಆದರೂ ನಮ್ಮವರು ಹಾಕುತ್ತಾರೆ. ಕೋಟಿಲ್ಲದಿದ್ದರೆ ಕಕ್ಷಿದಾರ ಗುಮಾಸ್ತ ಅಂದುಕೊಂಡಾನು ಅಂತ.

ಈಗ ತೃಪ್ತಿಯ ಮಾತು. ಸುರಪುರ ತಾಲೂಕಿನ ಒಬ್ಬ ಹೆಣ್ಣುಮಗಳ ಗಂಡ ಟ್ರ್ಯಾಕ್ಟರ್ ಟ್ರೈಲರ್ ಕೆಳಗೆ ಸಿಕ್ಕು ತೀರಿಕೊಂಡಿದ್ದ. ವಿಮಾ ಕಂಪನಿ, ಅವನು ಕೂಲಿಯವನಲ್ಲ, ಸುಮ್ನೆ ಹತ್ತಿ ಕೂತಿದ್ದ ಅಂತ ವಾದ ಹೂಡಿತು. ಎರಡೂವರೆ ವರ್ಷ ಹಿಡಿಯಿತು. ಪರಿಹಾರ ಬಂದ ದಿನ ಆಕೆ ಬ್ಯಾಂಕಿನ ಪಾಸ್‌ಬುಕ್ ತಂದು, "ಇದ್ರಾಗ ಎಷ್ಟದ ಓದಿ ಹೇಳ್ರಿ" ಅಂದಳು. ನಾನು ಓದಿದೆ. ಇನ್ನೊಮ್ಮೆ ಓದಿಸಿದಳು. ಮೂರನೇ ಸಲ ಓದಿಸಿ ಹೊರಟುಹೋದಳು, ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನಾನು ಈ ಕೆಲಸದಲ್ಲಿ ಯಾಕಿದ್ದೀನಿ ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಪಾಸ್‌ಬುಕ್.

ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಪಾಲು ಕೇಸಿನಲ್ಲಿ ಮೊದಲು ಯಾರಿಗೆ ಎಷ್ಟು ಪಾಲು ಅಂತ ಹೇಳುವ ಪ್ರಿಲಿಮಿನರಿ ಡಿಕ್ರಿ, ಆಮೇಲೆ ಹೊಲ ಅಳೆದು ಹಂಚುವ ಫೈನಲ್ ಡಿಕ್ರಿ. ನಡುವೆ ಅಪೀಲು. ನಾನು ಜೂನಿಯರ್ ಆಗಿ ಸೇರಿದ ದಿನ ಕೈಗೆ ಕೊಟ್ಟ ಒಂದು ಪಾಲು ಕೇಸಿನಲ್ಲಿ ವಾದಿ ತೀರಿಕೊಂಡರು. ಅವರ ವಾರಸುದಾರರನ್ನು ದಾಖಲಿಗೆ ತಂದೆವು. ಅವರಲ್ಲೊಬ್ಬರೂ ತೀರಿಕೊಂಡರು. ಮತ್ತೆ ಅದೇ ಅರ್ಜಿ. ನಾನು ಯಾದಗಿರಿ ಬಿಟ್ಟಾಗ ಆ ಕೇಸು ಸಾಕ್ಷಿ ಹಂತದಲ್ಲಿತ್ತು. ಪೇಶಿಯಿಂದ ಪೇಶಿಗೆ ಹೋಗಿ ಬಂದು, ಬಸ್ ಚಾರ್ಜಿಗೆ ದುಡ್ಡು ಕೊಟ್ಟ ಕಕ್ಷಿದಾರನ ಮುಖ ನೋಡಲು ಆಗದೆ ಕೋರ್ಟಿನ ಹಿಂಬಾಗಿಲಿನಿಂದ ಹೋದ ದಿನಗಳಿವೆ. ಕೊನೆ ಕಾಣದ ಕೆಲಸವನ್ನು ಸಹಿಸಲಾಗದವರಿಗೆ ಸಿವಿಲ್ ಕಡೆ ಕಷ್ಟ. ಅಪಘಾತ, ಚೆಕ್ಕು, ಜಾಮೀನು, ಇಂಥವುಗಳಲ್ಲಿ ಕೊನೆ ಬೇಗ ಕಾಣುತ್ತದೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ನಾನು ಶುರು ಮಾಡಿದಾಗ ಕಕ್ಷಿದಾರರು ನನ್ನನ್ನು ಟೈಪಿಸ್ಟ್ ಅಂದುಕೊಂಡು ಕಾಗದ ಕೈಗಿಟ್ಟು ಹೋಗುತ್ತಿದ್ದರು. ಈಗ ಸುಧಾರಿಸಿದೆ. ವರದಕ್ಷಿಣೆ, ಜೀವನಾಂಶದ ಕೇಸಿಗೆ ಹೆಣ್ಣುಮಕ್ಕಳು ಹೆಣ್ಣು ವಕೀಲರನ್ನೇ ಹುಡುಕಿಕೊಂಡು ಬರುತ್ತಾರೆ. ಆದರೆ ಕ್ರಿಮಿನಲ್ ಮತ್ತು ಭೂಮಿಯ ಕೇಸು ಸಿಗಲು ಈಗಲೂ ಗಂಡಸರಿಗಿಂತ ಐದಾರು ವರ್ಷ ಜಾಸ್ತಿ ಕಾಯಬೇಕು. ತಾಲೂಕು ಕೋರ್ಟಿಗೆ ಸೇರುವ ಮುಂಚೆ ಮಹಿಳಾ ವಕೀಲರ ಕೋಣೆ ಮತ್ತು ಶೌಚಾಲಯ ಹೇಗಿದೆ ಅಂತ ಹೋಗಿ ನೋಡಿ ಬನ್ನಿ. ತಮಾಷೆಗೆ ಹೇಳುತ್ತಿಲ್ಲ.

ಭಯವೂ ಇದೆ. 2023ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲೇ ಹಾಡಹಗಲಲ್ಲಿ ಒಬ್ಬ ವಕೀಲರ ಕೊಲೆಯಾಯಿತು. ಅದೇ ತಿಂಗಳು ಬೆಳಗಾವಿ ಅಧಿವೇಶನದಲ್ಲಿ ವಕೀಲರ ಮೇಲಿನ ಹಿಂಸಾಚಾರ ತಡೆ ಮಸೂದೆ ಪಾಸಾಯಿತು. ಕಾನೂನು ಬಂತು, ಸರಿ. ಹೊಲದ ಜಗಳದಲ್ಲಿ ಎದುರು ಪಕ್ಷದವರು ಮನೆ ವಿಳಾಸ ಕೇಳಿದರೆ ನಾನು ಇವತ್ತಿಗೂ ಹೇಳುವುದಿಲ್ಲ.

ಹೈಕೋರ್ಟ್ ಪೀಠ

2008ರ ಜುಲೈವರೆಗೆ ನಮ್ಮ ಕಡೆಯವರು ಒಂದು ಜಾಮೀನಿಗೂ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಆಗ ಸಂಚಾರಿ ಪೀಠ ಬಂತು. 2013ರ ಆಗಸ್ಟಿನಲ್ಲಿ ಅದು ಕಾಯಂ ಪೀಠವಾಯಿತು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಕೇಸು ಇಲ್ಲಿ ನಡೆಯುತ್ತವೆ. ಈ ಪೀಠ ಬರದಿದ್ದರೆ ನಾನು ಹೈದರಾಬಾದಿನಿಂದ ವಾಪಸ್ ಬರುತ್ತಿರಲಿಲ್ಲ.

ಇಲ್ಲಿಯ ದಿನ ಬೇರೆ ಥರ. ಸಾಕ್ಷಿ ಇಲ್ಲ, ಪಾಟೀ ಸವಾಲಿಲ್ಲ. ಕಾಗದವೇ ಎಲ್ಲ. ಸರ್ಕಾರದ ಆದೇಶ ಪ್ರಶ್ನಿಸುವ ರಿಟ್ ಅರ್ಜಿ, ಅಪಘಾತದ ಅಪೀಲು, ಎರಡನೇ ಅಪೀಲು, ಜಾಮೀನು. ಭಾಷೆ ಇಂಗ್ಲಿಷ್. ಜಿಲ್ಲಾ ಕೋರ್ಟಿನಲ್ಲಿ ಹುಲಿಯಂತಿದ್ದವರು ಇಲ್ಲಿ ಬಂದು ತಡವರಿಸಿದ್ದನ್ನು ನೋಡಿದ್ದೇನೆ. ಅವರಿಗೆ ಕಾನೂನು ಗೊತ್ತಿಲ್ಲ ಅಂತಲ್ಲ, ನ್ಯಾಯಮೂರ್ತಿಗಳು ನಡುವೆ ಪ್ರಶ್ನೆ ಕೇಳಿದಾಗ ಇಂಗ್ಲಿಷ್ ಮಾತು ತಕ್ಷಣ ಬಾಯಿಗೆ ಬರುವುದಿಲ್ಲ. ಇದು ಕಲಿಯಬಹುದಾದ ವಿದ್ಯೆ. ನಾನು ದಿನಾ ರಾತ್ರಿ ಒಂದು ತೀರ್ಪು ಜೋರಾಗಿ ಓದಿ ಕಲಿತೆ. ಪಕ್ಕದ ಮನೆಯವರು ನನಗೆ ಏನೋ ಆಗಿದೆ ಅಂದುಕೊಂಡಿದ್ದರು.

ದುಡ್ಡು ಜಿಲ್ಲಾ ಕೋರ್ಟಿಗಿಂತ ಚೆನ್ನಾಗಿದೆ. ಆದರೆ ಕೇಸು ಬರುವುದು ಹೆಚ್ಚಾಗಿ ತಾಲೂಕು ವಕೀಲರ ಮೂಲಕ. ಅವರು ಅಪೀಲು ಹಾಕಿಸಲು ಯಾರ ಹತ್ತಿರ ಕಳಿಸುತ್ತಾರೆ ಅನ್ನುವುದೇ ಇಲ್ಲಿಯ ಜೀವಾಳ. ಹಾಗಾಗಿ ನೇರವಾಗಿ ಹೈಕೋರ್ಟಿಗೆ ಬರುವುದಕ್ಕಿಂತ ಮೂರು ನಾಲ್ಕು ವರ್ಷ ಕೆಳಗಿನ ಕೋರ್ಟಿನಲ್ಲಿ ಮಣ್ಣು ಹೊತ್ತು ಬಂದರೆ ಒಳ್ಳೆಯದು. ಕೆಲವರು ಇದನ್ನು ಒಪ್ಪುವುದಿಲ್ಲ, ನಾಲ್ಕು ವರ್ಷ ದಂಡ ಅಂತಾರೆ. ನನಗೆ ಮಾತ್ರ ದಂಡ ಅನಿಸಿಲ್ಲ.

ಒಂದು ಕೊರತೆ ಇದೆ. ಇಲ್ಲಿ ಕಕ್ಷಿದಾರನ ಮುಖ ಕಾಣುವುದು ಕಡಿಮೆ. ಗೆದ್ದ ಸುದ್ದಿಯನ್ನು ತಾಲೂಕು ವಕೀಲರಿಗೆ ವಾಟ್ಸಾಪ್‌ನಲ್ಲಿ ತಿಳಿಸುತ್ತೇವೆ. ಪಾಸ್‌ಬುಕ್ ಯಾರೂ ತರುವುದಿಲ್ಲ. ನಾನು ಎರಡೂ ಕಡೆ ಕಾಲಿಟ್ಟುಕೊಂಡಿರುವುದು ಅದಕ್ಕೇ.

ಜಡ್ಜ್ ಆಗಬೇಕು ಅನ್ನುವವರಿಗೆ

ಅಪ್ಪ ಅಮ್ಮಂದಿರ ಕನಸು ಇದೇ. ಕನಸು ಕೆಟ್ಟದ್ದೇನಲ್ಲ. ಸಿವಿಲ್ ನ್ಯಾಯಾಧೀಶರ ಮೂಲ ವೇತನ 77,840 ರೂಪಾಯಿಯಿಂದ ಶುರು. ಅದರ ಮೇಲೆ ಭತ್ಯೆ, ಮನೆ. ಪರೀಕ್ಷೆಯನ್ನು ಹೈಕೋರ್ಟೇ ನಡೆಸುತ್ತದೆ. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ. ಮುಖ್ಯ ಪರೀಕ್ಷೆಯಲ್ಲಿ ಅನುವಾದದ ಪತ್ರಿಕೆಯೊಂದಿದೆ. ಕನ್ನಡದ ಸಾಕ್ಷಿ ಹೇಳಿಕೆ ಇಂಗ್ಲಿಷಿಗೆ, ಇಂಗ್ಲಿಷಿನದು ಕನ್ನಡಕ್ಕೆ. ನಮ್ಮ ಕಡೆಯವರು ಅದರಲ್ಲಿ ಒಳ್ಳೆಯ ಅಂಕ ತೆಗೆಯುತ್ತಾರೆ.

ನಿಯಮ ಬದಲಾದದ್ದನ್ನು ಗಮನಿಸಿ. ಕಾಲೇಜಿನಿಂದ ನೇರವಾಗಿ ಪರೀಕ್ಷೆ ಬರೆಯುವ ದಾರಿಯನ್ನು 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮುಚ್ಚಿತು. ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕು ಅಂದಿತು. ಲೆಕ್ಕ ಬಾರ್ ಪರೀಕ್ಷೆಗೆ ಮುಂಚಿನ ತಾತ್ಕಾಲಿಕ ನೋಂದಣಿಯ ದಿನದಿಂದ. ಅನುಭವಕ್ಕೆ ಹತ್ತು ವರ್ಷ ಪ್ರಾಕ್ಟೀಸ್ ಇರುವ ವಕೀಲರ ಪ್ರಮಾಣಪತ್ರ, ಅದಕ್ಕೆ ನ್ಯಾಯಾಧೀಶರ ದೃಢೀಕರಣ ಬೇಕು. ಅಂದರೆ ಮನೆಯ ಲೆಕ್ಕದ ಆ ಮೂರು ವರ್ಷ ಜಡ್ಜ್ ಆಗುವವರಿಗೂ ತಪ್ಪಲಿಲ್ಲ. ಸುಮ್ನೆ ಹೆಸರಿಗೆ ಸನದು ಮಾಡಿಸಿ ಕೋಚಿಂಗ್‌ಗೆ ಹೋಗುವ ಆಟ ಇನ್ನು ನಡೆಯದು. ವಯಸ್ಸಿನ ಮಿತಿ, ಅರ್ಹತೆ ಪ್ರತಿ ಸಲವೂ ಹೈಕೋರ್ಟಿನ ಅಧಿಸೂಚನೆಯಲ್ಲೇ ಓದಿಕೊಳ್ಳಿ. ವಾಟ್ಸಾಪ್ ನಂಬಬೇಡಿ.

ಇನ್ನೊಂದು ಬಾಗಿಲೂ ಇದೆ. ಏಳು ವರ್ಷ ವಕೀಲಿ ಮಾಡಿದವರು ನೇರವಾಗಿ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಬಹುದು. ಕಷ್ಟದ ಪರೀಕ್ಷೆ. ಆದರೆ ಚೆನ್ನಾಗಿ ಪ್ರಾಕ್ಟೀಸ್ ಮಾಡಿದವರಿಗೆ ಅದು ದೊಡ್ಡ ಜಿಗಿತ.

ಕೆಲಸ ಹೇಗಿರುತ್ತದೆ? ನನ್ನ ಗೆಳತಿಯೊಬ್ಬಳು ಸಿವಿಲ್ ನ್ಯಾಯಾಧೀಶೆ. ಹುಟ್ಟಿದ್ದು ಹುಮನಾಬಾದ್ ಕಡೆ, ಮೊದಲ ಪೋಸ್ಟಿಂಗ್ ರಾಜ್ಯದ ಆ ತುದಿಯಲ್ಲಿ. ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಊರಿನ ಮದುವೆಗೆ ಬಂದರೂ ವಕೀಲರ ಮೇಜಿನಲ್ಲಿ ಕೂರುವುದಿಲ್ಲ. "ದಿನಕ್ಕೆ ನೂರು ಜನ ನನ್ನ ಕಡೆ ನೋಡ್ತಾರೆ, ಒಬ್ಬರ ಜೊತೆಗೂ ಮಾತಾಡೋ ಹಾಗಿಲ್ಲ" ಅಂತ ಒಮ್ಮೆ ಅಂದಿದ್ದಳು. ಆದರೂ ಬಿಡುವ ಮಾತು ಅವಳ ಬಾಯಲ್ಲಿ ಬಂದಿಲ್ಲ. ಯಾಕೆ ಅಂತ ಕೇಳಿದೆ. "ಬರೆದು ಸಹಿ ಹಾಕಿದ್ರೆ ಮುಗೀತದಲ್ಲ" ಅಂದಳು. ವಕೀಲರಿಗೆ ಸಿಗದ ಸುಖ ಅದು. ನಮ್ಮ ಕೈಲಿ ಯಾವುದನ್ನೂ ಮುಗಿಸಲು ಆಗುವುದಿಲ್ಲ.

ಮಾತು, ಜನ, ಚಹಾ, ಹರಟೆ ಇಲ್ಲದೆ ಬದುಕಲಾರದ ಹುಡುಗ ಜಡ್ಜ್ ಆಗಬೇಕು ಅಂದರೆ ನಾನು ಎರಡು ಸಲ ಯೋಚಿಸು ಅಂತೇನೆ. ಒಂಟಿಯಾಗಿ ಕೂತು ಓದುವುದು, ಬರೆಯುವುದು ಇಷ್ಟವಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ.

ಸರ್ಕಾರಿ ಅಭಿಯೋಜಕರು, ಬಡವರ ವಕೀಲರು

ಇವೆರಡನ್ನು ಒಟ್ಟಿಗೆ ಹೇಳುತ್ತೇನೆ, ಯಾಕೆಂದರೆ ಒಂದೇ ಕೋರ್ಟ್ ಹಾಲಿನಲ್ಲಿ ಎದುರು ಬದುರು ನಿಲ್ಲುತ್ತಾರೆ.

ಸಹಾಯಕ ಸರ್ಕಾರಿ ಅಭಿಯೋಜಕರು, ನಮ್ಮ ಬಾಯಲ್ಲಿ ಎಪಿಪಿ. ಸಂಬಳ ತಪ್ಪದು, ನಿವೃತ್ತಿಯವರೆಗೆ ನೌಕರಿ. ಪೊಲೀಸರು ತಂದಿಟ್ಟ ಕೇಸು ನಡೆಸಬೇಕು, ಕೇಸು ಆರಿಸುವ ಸ್ವಾತಂತ್ರ್ಯವಿಲ್ಲ. ಬೆಳಿಗ್ಗೆ ಒಪ್ಪಿಕೊಂಡ ಸಾಕ್ಷಿ ಮಧ್ಯಾಹ್ನ ಕಟಕಟೆ ಹತ್ತಿ "ನನಗೇನೂ ಗೊತ್ತಿಲ್ರಿ" ಅನ್ನುವುದನ್ನು ವಾರಕ್ಕೆ ನಾಲ್ಕು ಸಲ ನೋಡಬೇಕು. ಊರ ಗೌಡರ ಹೆದರಿಕೆ, ರಾಜಿ, ಎಲ್ಲ ಗೊತ್ತಿದ್ದೂ ಏನೂ ಮಾಡಲಾಗದು. ಚರ್ಮ ದಪ್ಪ ಇದ್ದವರು ಉಳಿಯುತ್ತಾರೆ.

ಇನ್ನೊಂದು ಹೊಸ ದಾರಿ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ರೂಪಿಸಿದ ಯೋಜನೆಯಂತೆ ಜಿಲ್ಲೆಗಳಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ಬಂದಿವೆ. ಮುಖ್ಯ, ಉಪ, ಸಹಾಯಕ ಅಂತ ಮೂರು ಹಂತ. ವಕೀಲರನ್ನು ಇಡಲು ದುಡ್ಡಿಲ್ಲದ ಆರೋಪಿಗಳ ಪರ ಪೂರ್ಣಾವಧಿ ವಾದಿಸಬೇಕು. ತಿಂಗಳ ಗೌರವಧನ ಇದೆ, ಖಾಸಗಿ ಕೇಸು ಮಾಡುವ ಹಾಗಿಲ್ಲ. ಸಹಾಯಕ ಹುದ್ದೆಗೆ ಹೊಸಬರೂ ಅರ್ಜಿ ಹಾಕಬಹುದು. ಗುತ್ತಿಗೆ ನೇಮಕ ಅನ್ನುವುದೊಂದೇ ಕೊರತೆ.

ಹೊಲ ಇಲ್ಲದ ಮನೆಯ ಮಕ್ಕಳಿಗೆ ನಾನು ಮೊದಲು ತೋರಿಸುವ ದಾರಿ ಇದೇ. ಮೊದಲ ದಿನದಿಂದ ಸ್ವಂತ ಕೇಸು, ಸ್ವಂತ ಪಾಟೀ ಸವಾಲು. ಸೀನಿಯರ್ ಹಿಂದೆ ಫೈಲು ಹೊರುವುದಿಲ್ಲ. ಕೆಲಸಕ್ಕೆ ಅರ್ಥವೂ ಇದೆ. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ವಿಚಾರಣಾ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಮೇಲೆ ಬೇರೆ ಕೇಸೂ ಇರಬಾರದು. ಆದರೆ ಜೈಲಿನಲ್ಲಿರುವವನಿಗೆ ಇದನ್ನು ಯಾರು ಹೇಳಬೇಕು? ಕಲಬುರಗಿ ಜೈಲಿಗೆ ಹೋಗಿ ಪಟ್ಟಿ ಹಿಡಿದು ಲೆಕ್ಕ ಹಾಕುವ ಹುಡುಗಿಯೊಬ್ಬಳನ್ನು ನಾನು ಬಲ್ಲೆ. ಸಂಜೆ ಬಾರ್ ರೂಮಿಗೆ ಬಂದರೆ ಅವಳ ಮುಖದಲ್ಲಿ ದಣಿವಿರುತ್ತದೆ, ಬೇಸರ ಇರುವುದಿಲ್ಲ. ಎರಡೂ ಬೇರೆ ಬೇರೆ, ನೋಡಿದರೆ ಗೊತ್ತಾಗುತ್ತದೆ.

ಕಂಪನಿ, ಬ್ಯಾಂಕು

ದುಡ್ಡು ಬೇಗ ಬೇಕಿದ್ದರೆ ಇದು. ಬೆಂಗಳೂರು, ಹೈದರಾಬಾದಿನ ಕಂಪನಿಗಳಲ್ಲಿ ಕರಾರು ಓದುವ, ಬರೆಯುವ ಕೆಲಸ. ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದವರಿಗೆ ದೊಡ್ಡ ಕಾನೂನು ಸಂಸ್ಥೆಗಳು ಕೊಡುವ ಸಂಬಳ ನಮ್ಮ ಕಡೆ ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮಲ್ಲೂ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿವೆ. ಜಮೀನು, ಕಾರ್ಮಿಕ, ಗಣಿ ಅನುಮತಿಯ ಕೆಲಸಕ್ಕೆ ಕಾನೂನು ಓದಿದವರು ಅಲ್ಲೂ ಬೇಕು.

ಒಂದು ನಿಯಮ ತಿಳಿದಿರಿ. ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದರೆ ವಕೀಲಿ ಮಾಡುವಂತಿಲ್ಲ. ಬಾರ್ ಕೌನ್ಸಿಲ್‌ಗೆ ತಿಳಿಸಿ ಸನದು ಅಮಾನತಿನಲ್ಲಿಡಬೇಕು. ಆ ವರ್ಷಗಳು ಪ್ರಾಕ್ಟೀಸಿನ ಲೆಕ್ಕಕ್ಕೆ ಬರುವುದಿಲ್ಲ. ಜಡ್ಜ್ ಪರೀಕ್ಷೆಯ ಕನಸಿದ್ದವರು ಇದನ್ನು ಮರೆಯಬಾರದು. ನಾನು ಮರೆತಿದ್ದೆ.

ನಾನು ಸೇರಿದ ಕಂಪನಿಯಲ್ಲಿ ಮೊದಲ ತಿಂಗಳೇ ಯಾದಗಿರಿಯ ಒಂದು ವರ್ಷದ ಗಳಿಕೆಗಿಂತ ಜಾಸ್ತಿ ಬಂತು. ಅಪ್ಪನಿಗೆ ಬೋರ್‌ವೆಲ್ ಹಾಕಿಸಿಕೊಟ್ಟೆ. ಒಳ್ಳೆಯ ಕುರ್ಚಿ, ಎಸಿ, ಊಟ. ದಿನಕ್ಕೆ ನಲವತ್ತು ಕರಾರು ನೋಡಬೇಕು, ಅದೇ ಹನ್ನೆರಡು ಷರತ್ತು ಸರಿಯಿದೆಯಾ ಅಂತ. ಯಾರ ಕರಾರು, ಆಮೇಲೆ ಏನಾಯಿತು, ಯಾವುದೂ ಗೊತ್ತಾಗುತ್ತಿರಲಿಲ್ಲ. ಒಂದು ಅಲ್ಪವಿರಾಮ ಬದಲಿಸಲೂ ಮ್ಯಾನೇಜರ್ ಒಪ್ಪಿಗೆ ಬೇಕಿತ್ತು. ಎರಡನೇ ವರ್ಷ ಭಾನುವಾರ ಸಂಜೆಯಾದರೆ ಹೊಟ್ಟೆನೋವು ಶುರುವಾಗುತ್ತಿತ್ತು. ಡಾಕ್ಟರು ಎಲ್ಲ ಟೆಸ್ಟ್ ಮಾಡಿ ಏನೂ ಇಲ್ಲ ಅಂದರು.

ಸೊಕ್ಕು ನನಗೆ, ಕುಳಿತು ತಿನ್ನಲು ಕಷ್ಟ ಅಂತ ನನ್ನನ್ನೇ ಬೈದುಕೊಂಡಿದ್ದೆ. ಎಷ್ಟೋ ದಿನದ ಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ಇಬ್ಬರು ಸಂಶೋಧಕರು 6,200 ವಕೀಲರನ್ನು ಕೇಳಿ 2015ರಲ್ಲಿ ಪ್ರಕಟಿಸಿದ್ದು. ಸಂಬಳ, ಕಾಲೇಜಿನ ರ‍್ಯಾಂಕು, ದೊಡ್ಡ ಸಂಸ್ಥೆಯಲ್ಲಿ ಪಾಲುದಾರಿಕೆ, ಇವು ವಕೀಲರ ನೆಮ್ಮದಿಗೆ ಹೆಚ್ಚೇನೂ ಕೂಡಿಸಿರಲಿಲ್ಲ. ಕೆಲಸದಲ್ಲಿ ತನ್ನ ಮಾತು ನಡೆಯುವುದು, ಜನರ ಜೊತೆ ಸಂಬಂಧ, ಕೈ ಪಳಗಿದೆ ಅನ್ನುವ ಭಾವ, ಇವು ಬಹಳ ಕೂಡಿಸಿದ್ದವು. ಸಾರ್ವಜನಿಕ ಸೇವೆಯಲ್ಲಿದ್ದ ವಕೀಲರು ಕಡಿಮೆ ಸಂಬಳದಲ್ಲೂ ಹೆಚ್ಚು ಖುಷಿಯಾಗಿದ್ದರು. ಅದು ಅಲ್ಲಿಯ ಲೆಕ್ಕ. ಅಲ್ಲಿಯ ಕಡಿಮೆ ಸಂಬಳ ಅಂದರೆ ಊಟಕ್ಕೆ ಕಡಿಮೆ ಬಿದ್ದದ್ದಲ್ಲ. ಇಲ್ಲಿ ಎಂಟು ತಿಂಗಳಿಗೆ ಎರಡು ಸಾವಿರ ಪಡೆದವರಿಗೆ ದುಡ್ಡಿನಿಂದ ಖುಷಿ ಬರುವುದಿಲ್ಲ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ನನ್ನ ಭಾನುವಾರದ ಹೊಟ್ಟೆನೋವಿಗೆ ಅಲ್ಲಿ ಹೆಸರು ಸಿಕ್ಕಿತು.

ಕಂಪನಿ ಎಲ್ಲರಿಗೂ ಹಾಗೆ ಅನಿಸಬೇಕಿಲ್ಲ. ನನ್ನ ಪಕ್ಕದ ಮೇಜಿನವರು ಇವತ್ತಿಗೂ ಅಲ್ಲೇ ಇದ್ದಾರೆ. ಆರು ಗಂಟೆಗೆ ಕಂಪ್ಯೂಟರ್ ಮುಚ್ಚಿ ಸಂಗೀತದ ಕ್ಲಾಸಿಗೆ ಹೋಗುತ್ತಾರೆ. ಅವರಿಗೆ ಕೆಲಸ ಅಂದರೆ ಕೆಲಸ, ಬದುಕು ಬೇರೆ ಕಡೆ. ಅದೂ ಒಂದು ಒಳ್ಳೆಯ ಲೆಕ್ಕವೇ.

ಊರಲ್ಲೇ ಇದ್ದು ಸ್ವಲ್ಪ ಖಾಯಂ ದುಡ್ಡು ಬೇಕು ಅನ್ನುವವರಿಗೆ ಬ್ಯಾಂಕಿನ ಪ್ಯಾನೆಲ್ ಇದೆ. ಮನೆ, ಹೊಲದ ಸಾಲಕ್ಕೆ ಮುಂಚೆ ಪಹಣಿ, ಋಣಭಾರ ಪತ್ರ, ಹಳೆಯ ಖರೀದಿ ಪತ್ರ ನೋಡಿ ಅಭಿಪ್ರಾಯ ಕೊಡುವುದು. ಬೇಸರದ ಕೆಲಸ. ಆದರೆ ಅದರಿಂದ ಕಚೇರಿ ಬಾಡಿಗೆ ಹೊರಡುತ್ತದೆ. ಉಳಿದ ಹೊತ್ತು ಇಷ್ಟದ ಕೇಸು ನಡೆಸಬಹುದು. ನಾನು ಮಾಡುವುದು ಇದನ್ನೇ.

ಫೋನಿನಲ್ಲಿ ನಾನು ಕೊನೆಗೆ ಹೇಳುವುದು

ಮನೆ ಮೂರು ವರ್ಷ ಕಾಯುತ್ತದೆ ಅಂದರೆ ಜಿಲ್ಲಾ ಕೋರ್ಟಿನಿಂದ ಶುರು ಮಾಡಿ. ಅಲ್ಲಿಂದ ಹೈಕೋರ್ಟಿಗೂ, ಜಡ್ಜ್ ಪರೀಕ್ಷೆಗೂ, ಎಪಿಪಿಗೂ ದಾರಿ ಇದೆ. ಕಂಪನಿಯಿಂದ ಶುರು ಮಾಡಿದರೆ ಈ ಕಡೆ ವಾಪಸ್ ಬರುವುದು ಕಷ್ಟ. ನಾನು ಬಂದೆ, ಆದರೆ ನನಗಿಂತ ಮೂರು ವರ್ಷ ಚಿಕ್ಕವರ ಹಿಂದೆ ನಿಂತು ಶುರು ಮಾಡಬೇಕಾಯಿತು. ಮನೆ ಕಾಯುವುದಿಲ್ಲ ಅಂದರೆ ಕಾನೂನು ನೆರವಿನ ಕಚೇರಿ, ಇಲ್ಲವೇ ಕಂಪನಿ. ಸರ್ಕಾರಿ ನೌಕರಿಯಲ್ಲಿ ನಮ್ಮ ಕಡೆಯವರಿಗೆ ಮೀಸಲಾತಿ ಕೊಡುವ ಕಲ್ಯಾಣ ಕರ್ನಾಟಕದ 371ಜೆ ಪ್ರಮಾಣಪತ್ರ ಇವತ್ತೇ ಮಾಡಿಸಿಡಿ. ಸರ್ಕಾರಿ ಹುದ್ದೆಯ ಅರ್ಜಿ ಕೊನೆ ದಿನ ಅದಕ್ಕೆ ಓಡುವವರನ್ನು ಪ್ರತಿ ಸಲ ನೋಡುತ್ತೇನೆ.

ಸೀನಿಯರ್ ಆಯ್ಕೆಯಲ್ಲಿ ಹೆಸರು ನೋಡಬೇಡಿ. ಅವರ ಹಳೆಯ ಜೂನಿಯರ್‌ಗಳು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ. ಐದು ವರ್ಷದಲ್ಲಿ ಒಬ್ಬರಾದರೂ ಸ್ವಂತ ಕಚೇರಿ ಹಾಕಿದ್ದರೆ ಸೇರಿ. ಎಲ್ಲರೂ ಇನ್ನೂ ಅಲ್ಲೇ ಫೈಲು ಹೊರುತ್ತಿದ್ದರೆ ನಮಸ್ಕಾರ ಹೇಳಿ ಬನ್ನಿ.

ಇಷ್ಟೆಲ್ಲ ಕೇಳಿದ ಮೇಲೂ ತಿಳಿಯದಿದ್ದರೆ ಹುಡುಗಿಯನ್ನು ಕರೆದುಕೊಂಡು ಬನ್ನಿ ಅಂತೇನೆ. ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕೂರಬಹುದು, ದುಡ್ಡು ಕೊಡಬೇಕಿಲ್ಲ. ಹನ್ನೊಂದು ಗಂಟೆಗೆ ಬೋರ್ಡ್, ಅಂದರೆ ಆ ದಿನದ ಕೇಸುಗಳ ಪಟ್ಟಿ, ಕರೆಯುವುದರಿಂದ ಸಂಜೆವರೆಗೆ ಒಂದು ದಿನ ಪೂರ್ತಿ ಕೂರಲಿ. ಹೈಕೋರ್ಟಿನ ಕಲಾಪ ಯೂಟ್ಯೂಬ್‌ನಲ್ಲೂ ಬರುತ್ತದೆ, ಅದನ್ನು ಮನೆಯಲ್ಲೇ ನೋಡಲಿ. ಎಲ್ಲಿ ಮೊಬೈಲ್ ತೆಗೆಯದೆ ಕೂತಿದ್ದಳು ಅಂತ ನೀವೇ ಗಮನಿಸಿ. ಒಂದೇ ಮಾತು, ಮೇ ತಿಂಗಳಲ್ಲಿ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ. ಬರುವುದಿದ್ದರೆ ಏಪ್ರಿಲಿನಲ್ಲೇ ಬನ್ನಿ, ಬಾಟಲಿ ನೀರು ಜೊತೆಗೆ ತನ್ನಿ.